ಇಂಗ್ಲಿಷ್ ಬೋಧನೆಯಲ್ಲಿ ಅಭಿನಯಗೀತೆ: ಬೆಳವಣಕಿ ಪ್ರದೇಶವನ್ನು ಕುರಿತು ಒಂದು ವಿವೇಚನೆ

ರೋಣ ತಾಲೂಕಿನ ಬೆಳವಣಕಿ ಗ್ರಾಮವು 1956ರ ನವೆಂಬರ್ 1ರ ವರೆಗೆ ಧಾರವಾಡ ಜಿಲ್ಲೆಯೊಡನೆ ಮುಂಬಯಿ ರಾಜ್ಯದಲ್ಲಿದ್ದಿತು. ಅನಂತರ ಅದು ಮೈಸೂರು ರಾಜ್ಯಕ್ಕೂ, 1997ರಲ್ಲಿ ಹೊಸದಾಗಿ ರಚಿತವಾದ ಗದಗ ಜಿಲ್ಲೆಗೂ ಸೇರಿತು. ಈ ಕಾಲಾವಧಿಯಲ್ಲಿ ಅಲ್ಲಿಯ ಮಗು ಇಂಗ್ಲಿಷ್ ಕಲಿಯಲಾರಂಭಿಸುವ ವಯಸ್ಸೂ ಬದಲಾಗುತ್ತ ಬಂದಿದೆ. ವಯಸ್ಸಿನೊಡನೆ ಬೋಧನಕ್ರಮವೂ ಬದಲಾಗಬೇಕಾಯಿತೆಂಬುದನ್ನು ಅಭಿನಯಗೀತೆಯ ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ. ಅರ್ಥವನ್ನು ಅಂಗಚಲನೆಯಿಂದ ತೋರುತ್ತ ಹಾಡುವ ಪದ್ಯವೇ ಅಭಿನಯಗೀತೆ.

ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಇಂಗ್ಲಿಷನ್ನು ಎಂಟನೆಯ ಇಯತ್ತೆಯಿಂದ ಆರಂಭಿಸುವ ಧೋರಣೆಯನ್ನು ತಳೆಯಿತು. ಆ ವಯಸ್ಸಿನ ವಿದ್ಯಾರ್ಥಿಗೆ ವಾಚನ, ಭಾಷಾಂತರ, ವ್ಯಾಕರಣಗಳೇ ತಕ್ಕ ಸಾಧನಗಳೆನಿಸಿದ್ದವು. 2007ಕ್ಕೆ ಮುನ್ನ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಐದನೆಯ ತರಗತಿಯಿಂದ ಮೊದಲಾಗುತ್ತಿತ್ತು. 2007–08ರಿಂದ ಒಂದನೆಯ ತರಗತಿಗೇ ಬಂದಿತು. ಕನ್ನಡ ಅಕ್ಷರಗಳನ್ನೇ ಇನ್ನೂ ಅರಿಯದ ಮಗುವಿಗೆ ಭಾಷಾಂತರದ ಪಾಠ ನಿರರ್ಥಕ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ ಕ್ರಮವು ಹಾಡು, ಆಟ, ಚಟುವಟಿಕೆಗಳನ್ನು ಕಲಿಕೆಯ ಅಂಗವಾಗಿಸಿದ್ದುದರಿಂದ, ಅಭಿನಯಗೀತೆಗೆ ಭೂಮಿಕೆ ಸಿದ್ಧವಾಗಿಯೇ ಇದ್ದಿತು.

ಈ ವಿಧಾನದ ಬೇರುಗಳು ಹಳೆಯವು. ಜರ್ಮನಿಯ ಫ್ರೋಬೆಲ್ 1844ರಲ್ಲಿಯೇ ಬೆರಳಾಟದ ಹಾಡುಗಳನ್ನು ಶಿಶುಶಿಕ್ಷಣಕ್ಕೆ ಅಳವಡಿಸಿದ್ದನು. ಜಪಾನಿನಲ್ಲಿದ್ದ ಹೆರಲ್ಡ್ ಪಾಮರ್ 1925ರಲ್ಲಿ, ಆಜ್ಞೆಯನ್ನು ಕೇಳಿ ಕ್ರಿಯೆಯನ್ನು ಮಾಡುವುದರ ಮೂಲಕ ಇಂಗ್ಲಿಷ್ ಕಲಿಸುವ ಗ್ರಂಥವನ್ನು ಪ್ರಕಟಿಸಿದನು. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಶರ್ ಇದೇ ತತ್ತ್ವವನ್ನು ಪ್ರಯೋಗಗಳಿಂದ ಪರೀಕ್ಷಿಸಿದನು.

ಕನ್ನಡ ಮಗುವಿಗೆ ಇದರಿಂದ ಆಗುವ ಪ್ರಯೋಜನಗಳಲ್ಲಿ ಎರಡು ಗಮನಾರ್ಹ. ಮೊದಲನೆಯದು ಪದಕ್ರಮ. ಕನ್ನಡದಲ್ಲಿ ‘ಮೂಗು ಮುಟ್ಟು’ ಎನ್ನುವಾಗ ಕ್ರಿಯಾಪದ ಕೊನೆಗೆ ಬರುತ್ತದೆ. ‘ಟಚ್ ಯುವರ್ ನೋಸ್’ ಎನ್ನುವಲ್ಲಿ ಮೊದಲಿಗೇ ಬರುತ್ತದೆ. ಸೂತ್ರವನ್ನು ವಿವರಿಸದೆಯೇ ಅಭಿನಯವು ಈ ವ್ಯತ್ಯಾಸವನ್ನು ರೂಢಿಗೆ ತರುತ್ತದೆ. ಎರಡನೆಯದು ಉಚ್ಚಾರ. ಹಳಗನ್ನಡದ ‘ಕಣ್’, ‘ಕಾಲ್’ಗಳು ಕಾಲಕ್ರಮದಲ್ಲಿ ‘ಕಣ್ಣು’, ‘ಕಾಲು’ ಆದುವು. ಪದಾಂತ್ಯಕ್ಕೆ ಸ್ವರ ಕೂಡಿಸುವ ಅದೇ ಪ್ರವೃತ್ತಿಯಿಂದ ಇಂದಿನ ಮಗುವೂ ‘ಹ್ಯಾಂಡು’, ‘ಬುಕ್ಕು’ ಎನ್ನುತ್ತದೆ. ಬಿಗಿಯಾದ ತಾಳದಲ್ಲಿ ಈ ಹೆಚ್ಚಿನ ಸ್ವರಕ್ಕೆ ಎಡೆ ಕಡಿಮೆ. ಶಿಕ್ಷಕರ ಉಚ್ಚಾರ ಶುದ್ಧವಾಗಿದ್ದರೆ ಮಗು ಅದನ್ನು ಸಹಜವಾಗಿ ಅನುಕರಿಸಬಲ್ಲುದು.

ಆದರೆ ಕೋಲಾಟದ ಪದಗಳ ನಾಡಿನಲ್ಲಿ ಬೆಳೆದ ಮಗು ಅರ್ಥವನ್ನರಿಯದೆಯೂ ಹಾಡನ್ನು ಬೇಗ ಬಾಯಿಪಾಠ ಮಾಡಬಲ್ಲುದೆಂಬುದನ್ನು ಮರೆಯಲಾಗದು. ಎಲ್ಲರೊಡನೆ ಕೈಯೆತ್ತುವ ಮಗು ಮಾತನ್ನು ತಿಳಿದು ಎತ್ತಿತೋ, ನೆರೆಯವನನ್ನು ನೋಡಿ ಎತ್ತಿತೋ ಎಂಬುದು ಮೇಲ್ನೋಟಕ್ಕೆ ಗೊತ್ತಾಗದು. ಆದುದರಿಂದ ಶಿಕ್ಷಕರು ಆಜ್ಞೆಗಳ ಕ್ರಮವನ್ನು ಬದಲಿಸಿ, ತಾವು ಅಭಿನಯಿಸದೆ, ಒಬ್ಬೊಬ್ಬರನ್ನೇ ಪರೀಕ್ಷಿಸುವುದು ಅವಶ್ಯ. ತರುವಾಯ ಅದೇ ಶಬ್ದಗಳನ್ನು ಹಾಡಿನಿಂದ ಬಿಡಿಸಿ ಮಾತಿನಲ್ಲಿ ಬಳಸಬೇಕು.

ಮನೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಶಾಲೆಯ ಕೊರತೆ ಬೇರೆಡೆ ತುಂಬೀತು. ಶಾಲೆಯ ಹೊರಗೆ ಅದನ್ನು ಕೇಳದ ಗ್ರಾಮದ ಮಗುವಿಗೆ ಆ ಒಂದು ಗಂಟೆಯೇ ಸರ್ವಸ್ವ. ಆ ಗಂಟೆಯಲ್ಲಿ ಹಾಡು ಮಾತಾಗಿ ಪರಿಣಮಿಸಿದರೆ ಮಾತ್ರ ಕಲಿಕೆಯ ವಯಸ್ಸನ್ನು ತಗ್ಗಿಸಿದುದು ಸಾರ್ಥಕವೆಂದು ನಾವು ಭಾವಿಸುತ್ತೇವೆ.