ಭದ್ರಾವತಿಯ ಸೌದೆ ಭಟ್ಟಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಊದುಕುಲುಮೆಯ ಚರಿತ್ರೆ. ಆದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಈ ಉದ್ಯಮದ ಲಾಭನಷ್ಟವನ್ನು ಅರಿಯಲು ಅದರ ಸೌದೆ ಭಟ್ಟಿಯನ್ನೂ ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ.

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ. ಕಾಡಿನ ಸೌದೆಯ ಇದ್ದಿಲೇ ಕುಲುಮೆಗೆ ಆಧಾರವಾಯಿತು. ಗಾಳಿಯಾಡದ ಪಾತ್ರೆಯಲ್ಲಿ ಸೌದೆಯನ್ನು ಕಾಯಿಸಿದಾಗ ಹಲವು ರಾಸಾಯನಿಕ ಕ್ರಿಯೆಗಳು ಏಕಕಾಲದಲ್ಲಿ ನಡೆದು ಇದ್ದಿಲು, ಮೆಥನಾಲು, ಅಸಿಟಿಕ್ ಆಮ್ಲ, ಟಾರು, ಅನಿಲಗಳು ದೊರೆಯುತ್ತವೆ. ನಿಧಾನವಾಗಿ ಕಾಯಿಸಿದರೆ ಇದ್ದಿಲು ಹೆಚ್ಚುತ್ತದೆ. ಟಾರಿನ ಆವಿ ಬಿಸಿಯಲ್ಲಿ ಬಹಳ ಹೊತ್ತು ನಿಂತರೆ ಒಡೆದು ಅನಿಲವಾಗುತ್ತದೆ. ಒಂದನ್ನು ಹೆಚ್ಚಿಸಹೊರಟರೆ ಮತ್ತೊಂದು ಕುಗ್ಗುವುದು. ಉಪೋತ್ಪನ್ನಗಳ ಮಾರಾಟದಿಂದ ಇದ್ದಿಲಿನ ವೆಚ್ಚವನ್ನು ತಗ್ಗಿಸುವುದೇ ಯೋಜನೆಯ ಆಶಯವಾಗಿತ್ತು.

ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯು ಕಾರ್ಬನ್ ಮಾನಾಕ್ಸೈಡು ಮತ್ತು ಜಲಜನಕಗಳಿಂದ ಮೆಥನಾಲನ್ನು ತಯಾರಿಸತೊಡಗಿತು. ಇವೆರಡರಿಂದ ಮೀಥೇನೂ ಆಗಬಹುದು. ಆದರೆ ಸತು ಮತ್ತು ಕ್ರೋಮಿಯಂ ಆಕ್ಸೈಡುಗಳ ಕ್ರಿಯಾವರ್ಧಕವು ಬೇಕಾದ ಕ್ರಿಯೆಗೇ ವೇಗವನ್ನಿತ್ತಿತು. ಅಗ್ಗವಾದ ಈ ಮೆಥನಾಲಿನ ಮುಂದೆ ಸೌದೆಯ ಮೆಥನಾಲು ಜಗತ್ತಿನ ಮಾರುಕಟ್ಟೆಯಲ್ಲಿ ನಿಲ್ಲದಾಯಿತು.

ಒಂದೆಡೆ ಹಲವು ಕ್ರಿಯೆಗಳನ್ನೂ ಒಪ್ಪಿಕೊಳ್ಳಬೇಕಾದ ಭಟ್ಟಿ, ಇನ್ನೊಂದೆಡೆ ಒಂದನ್ನೇ ಆರಿಸಬಲ್ಲ ಯಂತ್ರ. ಆದಕಾರಣ ಭದ್ರಾವತಿಯ ಕಷ್ಟಗಳನ್ನು ಕೇವಲ ಆಡಳಿತದ ದಕ್ಷತೆಯಿಂದ ಅಳೆಯುವುದು ನ್ಯಾಯವಲ್ಲ. ರಸಾಯನಶಾಸ್ತ್ರದ ಪ್ರಗತಿಯೂ ಅದರ ಚರಿತ್ರೆಗೆ ಸೇರಿದ್ದು.