ಗೋಡೆ, ಕಲ್ಲು, ಎರಕ: ನಮ್ಮ ಕಲಾಶಾಲೆಗೆ ಬಾರದ ಪಾಠಗಳು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನೀವು ನೋಡಿರಬಹುದು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ. ಕುದುರೆಗಳು ಸಾಲುಸಾಲಾಗಿ ನುಗ್ಗುತ್ತಿವೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ನಿಯಮ ಇಲ್ಲಿಲ್ಲ. 'ಪರ್ಸ್‌ಪೆಕ್ಟಿವ್ ತಿಳಿಯದವರ ಕೆಲಸ' ಎಂದು ಓದಿದವರೇ ಹೇಳುವುದನ್ನು ಕೇಳಿದ್ದೇನೆ. ಈ ತೀರ್ಪು ನಮ್ಮ ಬಾಯಿಗೆ ಬಂದದ್ದು ಹೇಗೆ?

ಅದಕ್ಕೊಂದು ಚರಿತ್ರೆಯಿದೆ. 1850ರಲ್ಲಿ ಡಾಕ್ಟರ್ ಅಲೆಗ್ಸಾಂಡರ್ ಹಂಟರ್ ಮದರಾಸಿನಲ್ಲಿ ಕಲಾಶಾಲೆ ತೆರೆದರು. 1854ರಲ್ಲಿ ಕಲ್ಕತ್ತ, 1857ರಲ್ಲಿ ಮುಂಬಯಿಯ ಶಾಲೆಗಳು ಬಂದವು. ಪಾಠಕ್ರಮದ ಮಾದರಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನದು. ವಿದ್ಯಾರ್ಥಿ ಮೊದಲು ರೇಖೆ ಎಳೆಯಬೇಕು, ಅನಂತರ ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ನಕಲುಗಳನ್ನು ನೋಡಿ ಬರೆಯಬೇಕು. 'ಲಲಿತಕಲೆ' ಒಂದು ಕೋಣೆ, 'ಕೈಕಸುಬು' ಇನ್ನೊಂದು ಕೋಣೆ. ನಮ್ಮ ರೂವಾರಿಗೆ ಎರಡನೆಯ ಕೋಣೆಯೇ ಗತಿ.

ಮೈಸೂರು ಸೀಮೆಯಲ್ಲಿ ಬೇರೆಯೇ ಪರಂಪರೆಯಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ವಿಜಯನಗರದ ಚಿತ್ರಕಾರ ಮನೆತನಗಳಿಗೆ ಇಲ್ಲಿ ಆಶ್ರಯ ದೊರೆಯಿತು. 1799ರ ಅನಂತರ ಆ ಕಲೆ ಮೈಸೂರಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಬೆಳೆಯಿತು. 1906ರಲ್ಲಿ ಬ್ರಿಟನ್ನಿನ ಯುವರಾಜ ಅಡಿಗಲ್ಲಿಟ್ಟ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಹೊಸ ಬಗೆಯ ಶಿಕ್ಷಣ ತಂದಿತು. ಅತ್ತ ಕಲ್ಕತ್ತದಲ್ಲಿ ಪ್ರಿನ್ಸಿಪಾಲ್ ಹ್ಯಾವೆಲ್ ಪ್ಲಾಸ್ಟರ್ ನಕಲುಗಳನ್ನು ಬದಿಗಿಟ್ಟು ಭಾರತೀಯ ಚಿತ್ರಗಳನ್ನು ತರಗತಿಗೆ ತಂದಿದ್ದರು. ನಮ್ಮ ಕೆ. ವೆಂಕಟಪ್ಪನವರು ಅದೇ ಶಾಲೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು.

ಇನ್ನು ಕೃಷ್ಣರಾಜಪೇಟೆ ತಾಲ್ಲೂಕಿಗೆ ಬನ್ನಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಡಿಯಲ್ಲಿ ಆರು ಪಟ್ಟಿಕೆಗಳು. ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲೂ ಅವನದೇ ಹೆಸರು. ಕಲ್ಲಿನ ಮೇಲೆ ಹೆಸರು ಕೆತ್ತಿದವನನ್ನು ಅನಾಮಧೇಯ ಕಸುಬುದಾರನೆನ್ನುವುದು ಹೇಗೆ?

ವಿಜ್ಞಾನ ಓದಿದವನಾಗಿ ನನಗೆ ಹೊಯ್ಸಳರ ನಕ್ಷತ್ರದ ವಿನ್ಯಾಸ ಬಹಳ ಪ್ರಿಯ. ಒಂದು ಚೌಕವನ್ನು ನಡುಬಿಂದುವಿನ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ. ನಾಲ್ಕು ಚೌಕಗಳ ಮೂಲೆಗಳು ಸೇರಿ 16 ತುದಿಯ ನಕ್ಷತ್ರವಾಗುತ್ತದೆ. ಹಗ್ಗ, ಗೂಟಗಳಿಂದಲೇ ಇದನ್ನು ನೆಲದ ಮೇಲೆ ಬಿಡಿಸಬಹುದು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು, ಗಾಳಿಗೆ ಬಿದ್ದಂತೆ ಗಟ್ಟಿ. ರೇಖಾಗಣಿತವೂ ಪದಾರ್ಥವಿಜ್ಞಾನವೂ ಒಂದೇ ಗುಡಿಯಲ್ಲಿವೆ.

ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ಇನ್ನೊಂದು ಪಾಠ. ಮೇಣದಲ್ಲಿ ವಿಗ್ರಹ ಮಾಡಿ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಟೊಳ್ಳಿಗೆ ಕರಗಿದ ಲೋಹ ಸುರಿಯುತ್ತಾರೆ. ಅಚ್ಚು ಒಡೆದ ಮೇಲೆ ಅದೇ ವಿಗ್ರಹ ಮತ್ತೊಂದಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಕಸುಬು ಜಾತಿಯೊಳಗೆ, ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಹೊರಗಿನವರಿಗೂ ಹೆಣ್ಣುಮಕ್ಕಳಿಗೂ ಬಾಗಿಲು ಸಾಮಾನ್ಯವಾಗಿ ಮುಚ್ಚಿತ್ತು. ಅರ್ಜಿ ಹಾಕಿದವರಿಗೆ ಬಾಗಿಲು ತೆರೆದದ್ದು ಕಾಲೇಜು. ಆ ಬಾಗಿಲನ್ನು ಮುಚ್ಚುವ ಮಾತು ಬೇಡ. ಒಳಗಿನ ಪಾಠ ಬದಲಾಗಲಿ ಎಂಬುದಷ್ಟೇ ವಾದ. ಪರ್ಸ್‌ಪೆಕ್ಟಿವ್ ಇರಲಿ, ಆದರೆ ನೋಡುವ ಹಲವು ಬಗೆಗಳಲ್ಲಿ ಒಂದಾಗಿ. ಎರಕದವರು ಪ್ರಾತ್ಯಕ್ಷಿಕೆಗೆ ಬಂದು ಶಾಲು ಹೊದಿಸಿಕೊಂಡು ಹೋಗುವ ಅತಿಥಿಗಳಾಗದೆ, ಸಂಬಳ ಪಡೆಯುವ ಅಧ್ಯಾಪಕರಾಗಲಿ.

ಟಿ.ವಿ. ಕ್ಯಾಮೆರಾಕ್ಕೂ ಒಂದೇ ಕಣ್ಣು. ಪೊಲ್ಲಿಲೂರಿನ ಗೋಡೆಯನ್ನು ಅದು ಒಂದೇ ಚೌಕಟ್ಟಿನಲ್ಲಿ ಹಿಡಿದರೆ ವಿವರ ಅಳಿಯುತ್ತದೆ, ಹತ್ತಿರ ಹೋದರೆ ಯುದ್ಧ ತಪ್ಪಿಹೋಗುತ್ತದೆ. ಹಲವು ಗಳಿಗೆಗಳನ್ನು ಒಟ್ಟಿಗೆ ಇಟ್ಟ ಆ ಚಿತ್ರವನ್ನು ನಡೆಯುತ್ತಲೇ ನೋಡಬೇಕು.

ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಹಿರೋಡೆಯನ್ನು 'ಫ್ರೆಂಚ್ ರಾಕ್ಸ್' ಎಂದರು. ಈಗ ಅದು ಪಾಂಡವಪುರ. ಊರಿನ ಹೆಸರು ಬದಲಿಸಲು ಒಂದು ಆಜ್ಞೆ ಸಾಕು. ಕಣ್ಣಿನ ಅಭ್ಯಾಸ ಬದಲಾಗಲು ತರಗತಿಯೇ ಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಪಠ್ಯದ ಪಟ್ಟಿಗೆ ಹೊಸಹೊಳಲು, ನಾಗಮಂಗಲಗಳು ಸೇರುವುದು ನಮ್ಮ ಕೈಯಲ್ಲೇ ಇದೆ.