ಪಂಕ್ತಿಯ ಪ್ರಶ್ನೆ: ಕ್ರೈಸ್ತ ಧರ್ಮ ಬೆಳೆದ ಬಗೆ

ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಕ್ರೈಸ್ತ ಧರ್ಮದ ಉದಯದ ಪಾಠಕ್ಕೆ ಸಿಗುತ್ತಿದ್ದದ್ದು ಎರಡೇ ಪೀರಿಯಡ್. ಬೆತ್ಲೆಹೇಮಿನಲ್ಲಿ ಜನನ, ಹನ್ನೆರಡು ಶಿಷ್ಯರು, ಶಿಲುಬೆ, ಬೈಬಲ್ ಇಷ್ಟನ್ನು ಬರೆಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆಗ ಸಮಯ ಸಾಲದೆ ಉಳಿದ ಒಂದು ಸಂಗತಿಯನ್ನು ಈ ಸಂಚಿಕೆಯ ನೆಪದಲ್ಲಿ ಹೇಳುತ್ತೇನೆ. ಅದು ಊಟದ ಪಂಕ್ತಿಗೆ ಸೇರಿದ್ದು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೇಸು ಹುಟ್ಟಿನಿಂದ ಯೆಹೂದಿ. ರೋಮನ್ ಸಾಮ್ರಾಜ್ಯದ ಒಂದು ಮೂಲೆಯಲ್ಲಿದ್ದ ಗಲಿಲಾಯದಲ್ಲಿ, ಬಡಗಿಯೊಬ್ಬನ ಮನೆಯಲ್ಲಿ ಬೆಳೆದವರು. ದೇವರು ಎಲ್ಲರ ತಂದೆ, ನೆರೆಯವರನ್ನು ನಿಮ್ಮಂತೆಯೇ ಪ್ರೀತಿಸಿ, ಶತ್ರುವನ್ನೂ ಕ್ಷಮಿಸಿ ಎಂದು ಬೋಧಿಸಿದರು. ಸುಂಕದವರ ಜೊತೆ, ಸಮಾಜ ದೂರವಿಟ್ಟವರ ಜೊತೆ ಕೂತು ಉಣ್ಣುತ್ತಾರೆ ಎಂಬುದು ಅವರ ಮೇಲಿದ್ದ ದೊಡ್ಡ ಆಕ್ಷೇಪ. ಸುಮಾರು ಕ್ರಿ.ಶ. 30ರಲ್ಲಿ ರೋಮನ್ ಅಧಿಕಾರಿ ಪಿಲಾತನ ಆಜ್ಞೆಯಂತೆ ಅವರನ್ನು ಶಿಲುಬೆಗೇರಿಸಲಾಯಿತು. ಮನುಷ್ಯರ ಪಾಪಕ್ಕಾಗಿ ಪ್ರಾಣ ಕೊಟ್ಟ ದೇವಪುತ್ರ ಅವರೇ, ಮೂರನೆಯ ದಿನ ಮರಳಿ ಎದ್ದರು ಎಂದು ಶಿಷ್ಯರು ನಂಬಿದರು. ಕ್ರೈಸ್ತ ನಂಬಿಕೆಯ ತಿರುಳು ಇಂದಿಗೂ ಇದೇ.

ಆದರೆ ಆ ಶಿಷ್ಯರೆಲ್ಲ ಯೆಹೂದಿಗಳು. ಸುನ್ನತಿ, ಆಹಾರದ ಮಡಿ-ಮೈಲಿಗೆ ಎಲ್ಲವನ್ನೂ ಪಾಲಿಸುತ್ತಿದ್ದವರು. ಸಿರಿಯಾದ ಅಂತಿಯೋಕ್ಯ ನಗರದಲ್ಲಿ ಗ್ರೀಕರೂ ಬಂದು ಸೇರತೊಡಗಿದಾಗ ತಕರಾರು ಎದ್ದಿತು. ಸುನ್ನತಿಯಿಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಕೂರಬಹುದೇ? ಶಿಷ್ಯರಲ್ಲಿ ಹಿರಿಯರಾದ ಪೇತ್ರರು ಮೊದಮೊದಲು ಕೂತು ಉಂಡರು. ಜೆರುಸಲೇಮಿನಿಂದ ಕೆಲವರು ಬಂದದ್ದೇ ತಡ, ಅವರಿಗೆ ಹೆದರಿ ದೂರ ಸರಿದರು. ಆಗ ಪೌಲರು ಎಲ್ಲರೆದುರೇ ಪೇತ್ರರನ್ನು ತರಾಟೆಗೆ ತೆಗೆದುಕೊಂಡರು. ಇದನ್ನು ಪೌಲರೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಧರ್ಮಗ್ರಂಥವೊಂದು ತನ್ನ ಹಿರಿಯರ ಜಗಳವನ್ನು ಮುಚ್ಚಿಡದೆ ಉಳಿಸಿಕೊಂಡಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಸುಮಾರು ಅದೇ ಕಾಲದಲ್ಲಿ ಜೆರುಸಲೇಮಿನಲ್ಲಿ ಹಿರಿಯರ ಸಭೆ ಸೇರಿ, ಹೊರಗಿನಿಂದ ಬಂದವರಿಗೆ ಸುನ್ನತಿಯ ಕಡ್ಡಾಯ ಬೇಡವೆಂದು ತೀರ್ಮಾನಿಸಿತು. ಈ ತೀರ್ಮಾನ ಆಗದಿದ್ದರೆ ಅದು ಯೆಹೂದ್ಯರ ಒಂದು ಪಂಗಡವಾಗಿಯೇ ಉಳಿಯುತ್ತಿತ್ತೆಂದು ನನ್ನ ಅಭಿಪ್ರಾಯ. ಬಾಗಿಲು ತೆರೆದ ಮೇಲೆ ರೋಮನ್ನರ ರಸ್ತೆಗಳೂ ಎಲ್ಲೆಡೆ ನಡೆಯುತ್ತಿದ್ದ ಗ್ರೀಕ್ ಭಾಷೆಯೂ ನೆರವಾದವು. ಗುಲಾಮರು, ಹೆಂಗಸರು, ಕುಶಲಕರ್ಮಿಗಳು ಬಂದರು. ಹಾಗೆಂದು ಊಟದ ಜಗಳ ಮುಗಿಯಲಿಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಬಡವರು ಹಸಿದು ಕೂರುತ್ತಿದ್ದರೆಂದು ಪೌಲರು ಮತ್ತೊಂದು ಪತ್ರದಲ್ಲಿ ಬೈದಿದ್ದಾರೆ.

ಮುಂದಿನದು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ: ನೀರೋನ ಕಾಲದ ಹಿಂಸೆ, 313ರಲ್ಲಿ ಕಾನ್‌ಸ್ಟಂಟೈನ್ ಕೊಟ್ಟ ಸ್ವಾತಂತ್ರ್ಯ, 325ರ ನೈಸಿಯಾ ಸಭೆ. 380ರಲ್ಲಿ ಅದು ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು.

ಆರನೆಯ ಶತಮಾನದ ಹೊತ್ತಿಗೆ ಮಲಬಾರಿನಲ್ಲಿ ಕ್ರೈಸ್ತರಿದ್ದರೆಂದು ಕಾಸ್ಮಸ್ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ. ಪಂಕ್ತಿಯ ಪ್ರಶ್ನೆ ನಮ್ಮ ದೇಶದಲ್ಲೂ ಬೆನ್ನುಬಿಡಲಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನಲ್ಲಿ ಎರಡು ಜಾತಿಗಳ ನಡುವೆ ಗೋಡೆಯನ್ನೇ ಕಟ್ಟಲಾಗಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಪತ್ರಿಕೆ, ನಿಘಂಟುಗಳ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಸಭೆಯೊಳಗೆ ಜಾತಿ ಇರಕೂಡದೆಂದು ಅವರು ಹಠ ಹಿಡಿದರು. ಅದಕ್ಕೆ ಬೆಲೆ ತೆತ್ತವರು ಹೊಸದಾಗಿ ಸೇರಿದವರು. ಎಷ್ಟೋ ಮಂದಿಯನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು, ಕಸುಬೂ ಕೈತಪ್ಪಿತು. ಅವರಿಗೆ ದುಡಿಮೆ ಬೇಕೆಂದು ಮಿಷನ್ನು ಮೊದಲು ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಶಾಲೆಯ ಹಳೆಯ ಕಟ್ಟಡಕ್ಕೆ ಹೊದಿಸಿರುವ ಮಂಗಳೂರು ಹೆಂಚಿಗೆ ಆ ಹೆಸರು ಬಂದದ್ದು ಹೀಗೆ.